ಸಂತೆಯ ದಿನ ತೆಗೆದ ರಕ್ತ

೧೯೩೬ನೇ ಇಸವಿ ಡಿಸೆಂಬರ್ ಹದಿನೈದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಮೂಡಿಗೆರೆಯ ಮಲೇರಿಯಾ ತಪಾಸಣೆಯ ಕೋಣೆಯಲ್ಲಿ ರಕ್ತ ಪರೀಕ್ಷಕ ಓಂಕಾರಮೂರ್ತಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಗಾಜಿನ ಸ್ಲೈಡಿಗೆ ಅಂಟಿಸಿದ್ದ ಚೀಟಿಯನ್ನು ಇನ್ನೊಮ್ಮೆ ಓದಿದ. ‘ಭೂತಯ್ಯ, ಕೂಲಿ ಲೈನು, ಬಾಳೂರು.’ ಕಾಫಿ ತೋಟದ ಲೆಕ್ಕ ಬರೆಯುವ ರೈಟರ ದುಂಡನೆಯ ಅಕ್ಷರ.

ಮತ್ತೆ ಕಣ್ಣಿಟ್ಟ. ಕೆಂಪು ರಕ್ತಕಣಗಳು ಗುಂಡಗಿರಲಿಲ್ಲ, ಸೌತೆಬೀಜದಂತೆ ಉದ್ದವಾಗಿದ್ದವು. ಪ್ರತಿಯೊಂದರ ನಡುವೆಯೂ ಕಪ್ಪಗೆ ಒಂದು ಕೇಂದ್ರ. ಮನುಷ್ಯನ ಕೆಂಪುಕಣದಲ್ಲಿ ಕೇಂದ್ರವಿರುವುದಿಲ್ಲ, ಹಕ್ಕಿಯದರಲ್ಲಿ ಇರುತ್ತದೆ. ಕಾಲೇಜಿನಲ್ಲಿ ಪಾರಿವಾಳದ ರಕ್ತ ನೋಡಿದ್ದವನಿಗೆ ಅನುಮಾನ ಉಳಿಯಲಿಲ್ಲ. ಕೆಲವು ಕಣಗಳಲ್ಲಿ ಆ ಕೇಂದ್ರವನ್ನು ತಬ್ಬಿಕೊಂಡು ಬಾಗಿದ ಒಂದು ಪರಾವಲಂಬಿಯೂ ಇತ್ತು, ಮೈತುಂಬ ಕಂದು ಚುಕ್ಕೆ. ಅದು ಮಲೇರಿಯಾ ಜೀವಿಯ ದಾಯಾದಿ; ಹಕ್ಕಿಗಳದೇ ಕಾಯಿಲೆ. ಗೆರೆಗಾಜು ಹಾಕಿ ಕಣದ ಉದ್ದ ಅಳೆದ. ಹದಿಮೂರು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಹದಿಮೂರು.

ಹನ್ನೊಂದೂವರೆಯ ಹೊತ್ತಿಗೆ ತೋಟದಿಂದ ಬಂದಿದ್ದ ನಲವತ್ತು ಸ್ಲೈಡುಗಳೂ ಮುಗಿದವು. ನಲವತ್ತು ಕೂಲಿಗಳ ಹೆಸರು, ನಲವತ್ತರಲ್ಲೂ ಹಕ್ಕಿಯ ರಕ್ತ.

ಮೇಲಿನ ಡಾಕ್ಟರು ಕೇಳಿ ನಕ್ಕರು. ಮನುಷ್ಯರ ಮಲೇರಿಯಾ ಕಾಣಲಿಲ್ಲ ತಾನೆ, ‘ಇಲ್ಲ’ ಎಂದು ಬರೆದು ಕಳಿಸಿಬಿಡಿ ಎಂದರು. ‘ಇಲ್ಲ’ ಎಂದು ಹೋದರೆ ಕೂಲಿಗಳ ಸಾಲುಮನೆಯಾದ ಆ ಲೈನಿಗೆ ಮುಂದಿನ ವರ್ಷದವರೆಗೆ ಕ್ವಿನೈನ್ ಸಿಗುವುದಿಲ್ಲ. ಒಬ್ಬನ ರಕ್ತದಲ್ಲಾದರೂ ‘ಇದೆ’ ಎಂದು ಬರೆದರೆ ಇಡೀ ಲೈನಿಗೆ ಸಿಗುತ್ತದೆ. ನಿಯಮ ಅಷ್ಟು ಸರಳವಾಗಿತ್ತು. ನೋಡದೇ ಇರುವ ರಕ್ತದ ಬಗ್ಗೆ ತಾನು ಏನನ್ನೂ ಬರೆಯಲಾರೆ ಎಂದು ಹೇಳಿ ಓಂಕಾರಮೂರ್ತಿ ಅರ್ಧ ದಿನ ರಜೆ ಕೇಳಿದ. ಸೂಜಿ, ಬಣ್ಣ, ಭೂತಯ್ಯನ ಹೆಸರಿನ ಸ್ಲೈಡನ್ನು ಚೀಲಕ್ಕೆ ಹಾಕಿ, ಸೂಕ್ಷ್ಮದರ್ಶಕದ ಪೆಟ್ಟಿಗೆ ಹಿಡಿದು ಬಾಳೂರಿಗೆ ಹೋಗುವ ಹನ್ನೆರಡರ ಬಸ್ಸು ಹತ್ತಿದ.

ರೈಟರ್ ಜಯದೇವಪ್ಪ ತೋಟದ ಆಫೀಸಿನ ಜಗಲಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದರು. ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಿದೆ ಎಂಬುದೇ ಅವರಿಗೆ ಹೊಳೆದಿರಲಿಲ್ಲ.

“ಹಣ್ಣು ಕೊಯ್ಯೋ ಟೈಮಲ್ಲಿ ಆಳು ನಿಲ್ಸಬೇಡಿ ಅಂತ ದೊರೆಗಳ ಆರ್ಡರ್ ಮಾರಾಯ್ರೇ. ಭಾನುವಾರ ನಿಲ್ಸಣ ಅಂದ್ರೆ ಲೈನಿಗೆ ಲೈನೇ ಸಂತೆಗೆ ಹೋಗಿರುತ್ತೆ. ಅವತ್ತು ದೊರೆಗಳು ಶಿಕಾರಿಲಿ ಕಾಡುಪಾರಿವಾಳ ಹೊಡ್ಕೊಂಡು ಬಂದಿದ್ರು. ನಿಮಗೆ ರಕ್ತ ಬೇಕಿತ್ತು, ಕಳಿಸ್ದೆ. ಹಾಜರಿ ಪುಸ್ತಕ ನೋಡಿ ಹೆಸರು ಬರ್ದಿದೀನಿ, ಒಂದೂ ತಪ್ಪಿಲ್ಲ.”

“ಇವರ ಪಾಲಿನ ಔಷಧಿ ನಿಮ್ಮ ಪಾರಿವಾಳದ ಮೇಲೆ ನಿಂತಿದೆ, ಗೊತ್ತಾ ನಿಮಗೆ?” ಓಂಕಾರಮೂರ್ತಿ ದನಿ ಏರಿಸಿದ.

“ಕೂಗ್ಬೇಡಿ, ದೊರೆಗಳು ಮಲಗಿದಾರೆ.”

ಓಂಕಾರಮೂರ್ತಿ ಮಾತು ಬಿಟ್ಟು ಲೈನಿನ ಕಡೆ ನಡೆದ. ಮೂರನೇ ಬಾಗಿಲಲ್ಲಿ ಭೂತಯ್ಯ ಎರಡು ಕಂಬಳಿಯಡಿ ಹಲ್ಲು ಕಡಿಯುತ್ತ ಮಲಗಿದ್ದ. ಒಂದು ದಿನ ಬಿಟ್ಟು ಒಂದು ದಿನ ಬರುವ ಜ್ವರ, ಇದು ಐದನೇ ಸಲ. ಗಂಡನನ್ನು ನೋಡಿಕೊಳ್ಳಲು ಹಾಜರಿ ಕಳೆದುಕೊಂಡು ಉಳಿದಿದ್ದ ಸಿದ್ದಮ್ಮ ಅವನ ಬೆರಳನ್ನು ತಾನೇ ಹಿಡಿದುಕೊಟ್ಟಳು. ಸೂಜಿ ಚುಚ್ಚುತ್ತ ಓಂಕಾರಮೂರ್ತಿ ನಡೆದದ್ದನ್ನೆಲ್ಲ ಹೇಳಿದ.

“ಹಕ್ಕಿಗೂ ಜ್ವರ ಬತ್ತದಾ ಸ್ವಾಮಿ?”

ಇದೇ ಜಾತಿಯದು ಬರುತ್ತದೆ, ಆದರೆ ಅವುಗಳ ರೆಕ್ಕೆಯೊಳಗೆ ಅವಿತಿರುವ ಚಪ್ಪಟೆ ನೊಣ ಅದನ್ನು ಹರಡುತ್ತದೆ, ನಮಗೆ ಅಂಟುವುದಿಲ್ಲ ಎಂದು ವಿವರಿಸಿದ. ಸಿದ್ದಮ್ಮ ಜಾರಿದ ಕಂಬಳಿಯನ್ನು ಗಂಡನ ಮೇಲೆ ಎಳೆದಳು.

“ಹಂಗಾರೆ ಸತ್ತ ಹಕ್ಕೀದು ನೋಡಿದ್ರಿ. ಬದುಕಿರೋ ಇವರ್ದು ನೋಡಕ್ಕೆ ಯಾರಿಗೂ ಪುರುಸೊತ್ತಾಗ್ಲಿಲ್ಲ.”

ಹಕ್ಕಿಯ ರಕ್ತ ಕಳಿಸಿದವರ ಸಾಲಿನಲ್ಲಿ, ಅದನ್ನು ನೋಡುತ್ತ ಕೂತಿದ್ದ ತಾನೂ ನಿಂತಿದ್ದೇನೆ ಎಂಬುದು ಅವನಿಗೆ ಚುಚ್ಚಿತು.

ಆಫೀಸಿನ ಜಗಲಿಗೆ ಮರಳಿ, ರೈಟರ ಮೇಜಿನ ಮೇಲೆಯೇ ಸ್ಲೈಡಿಗೆ ಬಣ್ಣ ಹಾಕಿ ತೊಳೆದು ಒಣಗಿಸಿದ. ಕನ್ನಡಿಯನ್ನು ಪಡುವಣ ಬೆಳಕಿಗೆ ತಿರುಗಿಸಿದ. ಗುಂಡನೆಯ ಕಣಗಳು, ಕೇಂದ್ರವಿಲ್ಲ. ಸ್ಲೈಡನ್ನು ಸರಿಸುತ್ತ ಹೋದಾಗ ಹನ್ನೆರಡನೇ ನೋಟದಲ್ಲಿ ಒಂದು ಕಣದೊಳಗೆ ತೆಳುವಾದ ನೀಲಿ ಉಂಗುರ, ಅದರ ಅಂಚಿಗೆ ಕೆಂಪು ಚುಕ್ಕೆ: ಮನುಷ್ಯರ ಮಲೇರಿಯಾ. ಆಮೇಲೆ ಇನ್ನೊಂದು, ಮತ್ತೊಂದು.

“ಬನ್ನಿ, ನೋಡಿ,” ಎಂದು ಜಯದೇವಪ್ಪನವರನ್ನು ಕರೆದ. ಮೊದಲು ‘ಭೂತಯ್ಯ’ ಎಂಬ ಚೀಟಿಯಿದ್ದ ಪಾರಿವಾಳವನ್ನು ತೋರಿಸಿದ, ಆಮೇಲೆ ಭೂತಯ್ಯನನ್ನು. ರೈಟರು ಎಲೆ ಅಡಿಕೆ ಉಗುಳಿ ಬಂದು ಎರಡು ಸಲ ನೋಡಿದರು. ವರದಿಯ ಕಾಗದವನ್ನು ಮುಂದಿಟ್ಟಾಗ ಸಾಕ್ಷಿ ಎಂದು ರುಜು ಹಾಕಿದರು, ಈ ಸಲ ಅಕ್ಷರ ದುಂಡಗಿರಲಿಲ್ಲ.

ಹಿಂದೆಯೇ ಬಂದಿದ್ದ ಸಿದ್ದಮ್ಮನ ಸೆರಗಿಗೆ ಓಂಕಾರಮೂರ್ತಿ ತನ್ನ ಚೀಲದಲ್ಲಿದ್ದ ಕ್ವಿನೈನ್ ಮಾತ್ರೆಗಳನ್ನು ಸುರಿದ. ಆಮೇಲೆ, ಯಾರೂ ‘ಇಲ್ಲ’ ಎಂದು ತಿದ್ದಲಾಗದಂತೆ, ಷರಾ ಜಾಗದಲ್ಲಿ ಶಾಯಿಯಿಂದ ಬರೆದ: ‘ಭೂತಯ್ಯ, ಬಾಳೂರು. ಮಲೇರಿಯಾ ಇದೆ. ರಕ್ತ ಮನುಷ್ಯನದು. ಕೆಂಪುಕಣದ ಅಗಲ ಏಳೂವರೆ ಮೈಕ್ರಾನ್.’