ಕಿಟಕಿಗೆ ಹಾಕಿದ ದುಪ್ಪಟಿ

ಆಲೂಗಡ್ಡೆ ಸಾಲಿನಲ್ಲಿ ಬಗ್ಗಿ ಎಲೆಯಡಿ ಹುಳ ಹುಡುಕುತ್ತಿದ್ದ ವ್ಲಾಸ್ತಾ ಸೊಂಟ ನೆಟ್ಟಗೆ ಮಾಡಲೆಂದು ತಲೆಯೆತ್ತಿದಳು. ಇಳಿಜಾರಿನ ಕೆಳಗೆ ಅವಳ ಮನೆಯ ಕಿಟಕಿ ಕಂಡಿತು.

ಮಗಳು ಯಾರ್ಮಿಲಾಳ ಮದುವೆಗೆಂದು ಇಟ್ಟಿದ್ದ ಗರಿದುಪ್ಪಟಿ ಅಲ್ಲಿ ಬಿಸಿಲಿಗೆ ನೇತಾಡುತ್ತಿತ್ತು, ಗವಸಿಲ್ಲದೆ. ಗವಸನ್ನು ನಿನ್ನೆ ಒಗೆಯಲು ತೆಗೆದಿದ್ದಳು. ಬೆಳಗ್ಗೆ ಎದ್ದವರೇ ದುಪ್ಪಟಿಗಳನ್ನು ಕಿಟಕಿಗೆ ಹಾಕುವುದು ಆ ಊರಿನ ಹೆಂಗಸರ ಕೈಗಂಟಿದ ಅಭ್ಯಾಸ. ಬಿಸಿಲೇರಿದರೂ ಕಿಟಕಿ ಬರಿದಾಗಿದ್ದರೆ ಸೋಮಾರಿ ಮನೆ ಎಂದು ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು. ಇವತ್ತೂ ಕೈ ತನ್ನ ಕೆಲಸ ತಾನು ಮಾಡಿತ್ತು, ತಲೆಯನ್ನು ಕೇಳಿರಲಿಲ್ಲ.

ಆ ದುಪ್ಪಟಿಯ ಒಳಚೀಲ ಅಮೆರಿಕದ ಪ್ಯಾರಾಚೂಟಿನದು. ಯುದ್ಧ ಮುಗಿದ ಮೇ ತಿಂಗಳಲ್ಲಿ ಊರಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರು ಕೊಟ್ಟುಹೋದದ್ದು. ಒಂದು ಗರಿಯನ್ನೂ ಹೊರಬಿಡದ ನೇಯ್ಗೆ. ಮೂಲೆಯಲ್ಲಿ ಕಪ್ಪು ಇಂಗ್ಲಿಷ್ ಅಕ್ಷರಗಳಿದ್ದವು. ಬಟ್ಟೆ ಸಾಲದೆಂದು ಅದನ್ನೂ ಸೇರಿಸಿ ಹೊಲಿದಿದ್ದಳು. ಆಗ ಅವರು ನೆಂಟರು. ಈಗ ಹೊಸ ಕಮ್ಯುನಿಸ್ಟ್ ಸರ್ಕಾರದ ಲೆಕ್ಕದಲ್ಲಿ ಅವರು ಈ ಊರಿಗೆ ಬಂದೇ ಇರಲಿಲ್ಲ. ಆಲೂಗಡ್ಡೆ ತಿನ್ನುವ ಪಟ್ಟೆಹುಳವನ್ನು ಅಮೆರಿಕದ ವಿಮಾನಗಳು ಸುರಿಯುತ್ತಿವೆಯೆಂದು ಚೌಕದ ಧ್ವನಿವರ್ಧಕ ದಿನವೂ ಕೂಗುತ್ತಿತ್ತು. ವಸಂತದಲ್ಲಿ ಗಿರಣಿಯ ಹಾನುಷ್‌ನ ಮನೆಯಲ್ಲಿ ಅಮೆರಿಕದ ಕಾಫಿ ಡಬ್ಬಿ ಸಿಕ್ಕಿತ್ತು, ಮೊಳೆ ಹಾಕಿಡುವ ಹಳೇ ಡಬ್ಬಿ. ಅದಕ್ಕಾಗಿ ಪೊಲೀಸರು ಕರೆದೊಯ್ದ ಹಾನುಷ್ ಇನ್ನೂ ಮನೆಗೆ ಬಂದಿಲ್ಲ. ಈ ಬಟ್ಟೆ ಕಣ್ಣಿಗೆ ಬಿದ್ದರೆ ಕರೆದೊಯ್ಯುವುದು ತನ್ನ ಗಂಡ ಮಾತೌಷ್‌ನನ್ನು.

"ಯಾಕೇ, ಸೊಂಟ ಹಿಡೀತಾ?" ಪಕ್ಕದ ಸಾಲಿನಿಂದ ಅನೆಷ್ಕಾ ಕೇಳಿದಳು. ನೆರೆಮನೆಯವಳು, ಊರ ಸಮಿತಿಯ ಅಧ್ಯಕ್ಷ ಕುಬಾತ್‌ನ ಹೆಂಡತಿ.

"ನಮ್ಮನೆ ಕಿಟಕಿ ನೋಡಕ್ಕ."

ಅನೆಷ್ಕಾಳ ಮುಖ ಬಿಳಿಚಿತು. "ಅಯ್ಯೋ ಹುಚ್ಚಿ, ಬತ್ತಲೆ ನೇತುಹಾಕಿದೀಯಲ್ಲೇ!"

"ಓಡಿಹೋಗಿ ತೆಗೀಲಾ?"

"ಜಿಲ್ಲೆಯಿಂದ ಬಂದಿರೋ ಅಧಿಕಾರಿ ಇತ್ಲಾಗೇ ನೋಡ್ತಿದಾನೆ. ಬಗ್ಗು. ಹುಳ ಹುಡುಕು."

ಹಿಂದಿನಿಂದ ಮುದುಕ ವೋಂದ್ರಾ ಗೊಣಗಿದ: "ಸಮುದ್ರ ದಾಟಿ ಬಂದಿರೋ ಹುಳ ಅಂತೆ. ಪಾಪ, ಎಷ್ಟು ಹಸ್ದಿರತ್ತೋ, ತಿನ್ಲಿ ಬಿಡ್ರೋ." ಯಾರೂ ನಗಲಿಲ್ಲ. ಅವನೂ ಕೆಮ್ಮಿ ಮತ್ತೆ ಬಗ್ಗಿದ.

ಸಾಲು ಮುಗಿಯಿತು, ಜನ ಊರಿನತ್ತ ಹೊರಟರು. ಊರೊಳಕ್ಕೆ ಹೋಗುವ ದಾರಿ ವ್ಲಾಸ್ತಾಳ ಕಿಟಕಿಯ ಕೆಳಗೇ ಹಾಯುತ್ತಿತ್ತು. ಜಿಲ್ಲೆಯ ಅಧಿಕಾರಿ ಅಲ್ಲಿ ನಿಂತ. ದುಪ್ಪಟಿಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದ.

"ಒಳ್ಳೇ ಬಟ್ಟೆ. ಅಂಗಡೀಲಿ ಇಂಥದು ಎಲ್ಲಮ್ಮಾ ಸಿಗತ್ತೆ?"

"ಜರ್ಮನ್ನರು ಬಿಟ್ಟು ಓಡಿದ್ದು, ಕಾಮ್ರೇಡ್," ಎಂದ ಕುಬಾತ್. ಮಾತು ತೀರಾ ಬೇಗ ಬಂತು; ಅಧಿಕಾರಿ ತಿರುಗಿ ಅವನನ್ನೇ ನೋಡಿದ. ಅವನ ಹಿಂದೆ ಅನೆಷ್ಕಾ ತನ್ನ ಲಂಗವನ್ನು ಎರಡೂ ಮುಷ್ಟಿಯಲ್ಲಿ ಅವುಚಿ ಹಿಡಿದಿದ್ದಳು.

ಗಾಳಿಗೆ ಮಡಚಿಕೊಂಡಿದ್ದ ಮೂಲೆಯತ್ತ ಅಧಿಕಾರಿಯ ಕೈ ಸರಿಯಿತು. ಅಷ್ಟರಲ್ಲಿ ಹೊಲದಲ್ಲೇ ಹಿಂದುಳಿದಿದ್ದ ವೋಂದ್ರಾನ ಕೂಗು: "ಹುಳ! ಬನ್ರೋ, ಅಮೆರಿಕದ ಹುಳ ಸಿಕ್ತು!"

ಎಲ್ಲರೂ ಅತ್ತ ಓಡಿದರು. ಮುದುಕನ ಹುಳ ಹಿಡಿಯುವ ಸೀಸೆಯಲ್ಲಿದ್ದದ್ದು ಊರ ಮಕ್ಕಳೆಲ್ಲ ಬಲ್ಲ ಕೆಂಪು ಗುಲಗಂಜಿ ಹುಳ. "ಕಣ್ಣು ಮಂಜು ಸ್ವಾಮಿ," ಎಂದು ಅವನು ಬೈಸಿಕೊಂಡ. ಕಾರು ಹತ್ತುವಾಗ ಅಧಿಕಾರಿ ಹೇಳಿದ, "ನಾಳೆ ಮನೆಮನೇನೂ ನೋಡ್ತೀವಿ."

ಸಂಜೆ ವ್ಲಾಸ್ತಾ ಅಕ್ಷರಗಳಿದ್ದ ಮೂಲೆಯನ್ನು ಕತ್ತರಿಸಿ ಒಲೆಗೆ ಹಾಕಿದಳು. ಮಾತೌಷ್ ಆ ದುಪ್ಪಟಿಯನ್ನು ಹಗೇವಿನಲ್ಲಿ ಆಲೂಗಡ್ಡೆಯ ಕೆಳಗೆ ಹೂತ. ಬಟ್ಟೆ ಸುಟ್ಟ ಕಮಟು ಬೆಳಗಾದರೂ ಹೋಗಿರಲಿಲ್ಲ.

ಬೆಳಗ್ಗೆ ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಚೊಕ್ಕ ಬಿಸಿಲು. ಬೀದಿಯುದ್ದಕ್ಕೂ ಒಂದು ಕಿಟಕಿಗೂ ದುಪ್ಪಟಿ ಇಲ್ಲ. ಎದುರುಮನೆಯಲ್ಲಿಲ್ಲ, ವೋಂದ್ರಾನ ಮನೆಯಲ್ಲಿಲ್ಲ, ಅಧ್ಯಕ್ಷರ ಮನೆಯಲ್ಲೂ ಇಲ್ಲ. ಆ ಮೇ ತಿಂಗಳಲ್ಲಿ ಚೌಕದಲ್ಲಿ ಹರಡಿದ್ದ ಪ್ಯಾರಾಚೂಟಿನ ಬಿಳಿ ಬಟ್ಟೆಯ ಸುತ್ತ ಎಷ್ಟು ಕತ್ತರಿಗಳು ಆಡಿದ್ದವೆಂದು ಅವಳಿಗೆ ಈಗ ನೆನಪಾಯಿತು. ಎಲ್ಲ ಮನೆಯಲ್ಲೂ ಅದರ ತುಂಡಿದೆ, ಎಲ್ಲರೂ ರಾತ್ರಿಯೇ ಬಚ್ಚಿಟ್ಟಿದ್ದಾರೆ. ಇಂಥ ಬಿಸಿಲಲ್ಲಿ ಬರಿದಾದ ಕಿಟಕಿಗಳನ್ನು ನೋಡಿದರೆ ಎಂಥ ದಡ್ಡನಿಗೂ ಅರ್ಥವಾಗುತ್ತದೆ.

ಸೇತುವೆಯ ಕಡೆ ಕಾರಿನ ಸದ್ದು ಕೇಳಿಸಿತು.

ಅವಳು ಒಳಗೋಡಿ ಅತ್ತೆಯ ಕಾಲದ ತೇಪೆ ದುಪ್ಪಟಿ ಎಳೆತಂದು ಕಿಟಕಿಗೆ ಹಾಕಿದಳು. ಆಮೇಲೆ ಅನೆಷ್ಕಾಳ ಕಿಟಕಿ ಬಡಿದಳು.

"ಹಾಕಕ್ಕ! ಹಳೇದು, ಹರಿದದ್ದು, ಏನಾದ್ರೂ ಹಾಕು!"

ಆಮೇಲೆ ಕಿಟಕಿ ತೆರೆಯಿತು, ನೀಲಿ ಚೌಕಳಿಯ ಹಳೇ ಹೊದಿಕೆಯೊಂದು ಹೊರಬಿತ್ತು. ಎದುರುಮನೆಯ ಕಿಟಕಿ ತೆರೆಯಿತು. ಅದರಾಚೆಯದೂ.

ಕಾರು ತಿರುವು ದಾಟಿ ಮೆಲ್ಲಗೆ ಬಂತು. ಅಧಿಕಾರಿ ಒಂದೊಂದೇ ಕಿಟಕಿಯನ್ನು ನೋಡುತ್ತ ಬರುತ್ತಿದ್ದ. ವ್ಲಾಸ್ತಾ ದುಪ್ಪಟಿಯನ್ನು ಅಂಗೈಯಿಂದ ಬಡಿದು ಧೂಳು ಕೊಡವತೊಡಗಿದಳು, ದಿನವೂ ಕೊಡವುವ ಹಾಗೆಯೇ. ಅವಳ ಕಿಟಕಿಯ ಕೆಳಗೆ ಕಾರು ನಿಧಾನವಾಯಿತು. ಅವಳು ಕೊಡವುತ್ತಲೇ ಇದ್ದಳು. ಕಾರು ಮುಂದೆ ಹೋಗಿ, ಅನೆಷ್ಕಾಳ ಮನೆಯ ಮುಂದೆ ನಿಂತಿತು.