ಒಂದು ಚಟಾಕು ಹಿಟ್ಟಿನ ತೂಕವೆಷ್ಟು?

ದಂಡಿಗನಹಳ್ಳಿಯ ಲಕ್ಕಮ್ಮನ ಮೊಮ್ಮಗ ರಂಗನಿಗೆ ಹತ್ತು ತಿಂಗಳು ತುಂಬಿತ್ತು. ಆ ವಯಸ್ಸಿನ ಮಕ್ಕಳು ಅಂಬೆಗಾಲಿಟ್ಟು ಮನೆಯನ್ನೆಲ್ಲ ಒಂದು ಮಾಡುತ್ತವೆ. ರಂಗ ಮಾತ್ರ ಕೂರಿಸಿದರೆ ಪಕ್ಕಕ್ಕೆ ವಾಲುತ್ತಿದ್ದ. ಸೊಸೆ ಜವರಮ್ಮನಿಗೆ ಜ್ವರ ಬಂದು ಎದೆಹಾಲು ಬತ್ತಿ ಎರಡು ತಿಂಗಳಾಗಿತ್ತು. ಅಂದಿನಿಂದ ಮಗುವಿಗೆ ರಾಗಿ ಸರಿಯೇ ಗತಿ. ಮುದುಕಿಗೆ ಆ ಕೂಸೆಂದರೆ ಪ್ರಾಣ. ಅದು ಸೊರಗುವುದನ್ನು ನೋಡಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಚನ್ನರಾಯಪಟ್ಟಣದಿಂದ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಆಗಾಗ ಬರುವ ನರ್ಸಮ್ಮ ಜ್ವಾಲಾಮಾಲಿನಿ, ಬಾಗೂರಿನ ಜೈನರ ಮನೆಮಗಳು. ಅವಳು ಅಂಗಳಕ್ಕೆ ಕಾಲಿಟ್ಟದ್ದೇ ತಡ, ಲಕ್ಕಮ್ಮ ಜಗಳಕ್ಕೇ ನಿಂತಳು.

“ನಿಮ್ಮ ಸರಿ ನಿಮ್ಗೇ ಇರ್ಲಿ ಕಣವ್ವ! ನೀವು ಏಳ್ದಂಗೇ ಮೊಳಕೆ ರಾಗಿ ಬೀಸಿ, ಬಟ್ಟೇಲಿ ಸೋಸಿ ಮಾಡ್ದೆ. ಕೂಸು ಕಡ್ಡಿ ಆಗೋಯ್ತು. ನಾಳೆಯಿಂದ ಸರಿ ಬಂದ್. ಆಲ್ಗೆ ನೀರು ಬೆರ್ಸಿ ಕುಡಿಸ್ತೀನಿ, ಅಷ್ಟೇಯ.”

ನರ್ಸಮ್ಮ ಮಗುವಿನ ತೋಳು ಮುಟ್ಟಿ ನೋಡಿದಳು.

“ಎಷ್ಟು ಹಿಟ್ಟಿಗೆ ಎಷ್ಟು ನೀರು ಹಾಕ್ತೀರವ್ವ?”

“ಒಂದು ಪಾಲು ಇಟ್ಟಿಗೆ ಎಂಟು ಪಾಲು ನೀರು ಅಂತ ನೀವೇ ಏಳಿದ್ರಲ್ಲ? ಒಂದು ಚಟಾಕು ಇಟ್ಟು, ಎಂಟು ಚಟಾಕು ನೀರು. ಜವರಿ ಕೈಗೂ ಕೊಡ್ದೆ ನಾನೇ ಅಳೀತೀನಿ.”

ನರ್ಸಮ್ಮ ಹಣೆ ಚಚ್ಚಿಕೊಂಡಳು. “ತಪ್ಪು ನಂದು ಕಣವ್ವ. ಪಾಲು ಅಂದೆ, ತೂಕದಲ್ಲಿ ಅಂತ ಬಿಡಿಸಿ ಹೇಳ್ಲಿಲ್ಲ.”

“ತೂಗಾಕೆ ನಾನೇನು ಅಂಗಡಿ ಮಡಗಿದ್ದೀನಾ? ಉಣಸೆ ಮಾರೋವಾಗ ತೂಕ, ಅಡುಗೆಮನೇಲಿ ಅಳತೆ. ಚಟಾಕು ಅಂದ್ರೆ ಚಟಾಕೇ. ನೀರಾದ್ರೇನು, ಇಟ್ಟಾದ್ರೇನು?”

“ನೋಡೇಬಿಡಾಣ. ಹುಣಸೆ ತೂಗೋ ತಕ್ಕಡಿ ತನ್ನಿ. ಹಂಗೇ ಐದು ರೂಪಾಯಿ ನಾಣ್ಯ, ಒಂದು ಎಂಟಾಣೆ. ಒಂದು ರೂಪಾಯಿ ನಾಣ್ಯ ಒಂದು ತೊಲ ತೂಗ್ತದೆ, ಎಂಟಾಣೆ ಅರ್ಧ ತೊಲ.”

ಗೊಣಗುತ್ತಲೇ ಲಕ್ಕಮ್ಮ ಒಳಗಿನಿಂದ ತಕ್ಕಡಿಯನ್ನೂ ದುಡ್ಡಿನ ಗಂಟನ್ನೂ ತಂದಳು. ನರ್ಸಮ್ಮ ಚಟಾಕಿನ ಬರಿಯ ಅಳತೆಪಾತ್ರೆಯನ್ನು ಒಂದು ತಟ್ಟೆಗಿಟ್ಟು, ಇನ್ನೊಂದಕ್ಕೆ ಅಷ್ಟೇ ತೂಕದ ಕಲ್ಲು ಹಾಕಿದಳು. ಆಮೇಲೆ ಚಟಾಕಿಗೆ ನೀರು ತುಂಬಿದಳು. ಕಲ್ಲಿನ ಜೊತೆ ಐದು ರೂಪಾಯಿ ಬಿದ್ದ ಮೇಲೆ ತಕ್ಕಡಿ ಸಮವಾಯಿತು. ನೀರು ಚೆಲ್ಲಿ, ಒರೆಸಿ, ಅದೇ ಚಟಾಕಿಗೆ ಹಿಟ್ಟು ತುಂಬಿ ಅಂಚಿಗೆ ಸಮವಾಗಿ ಸವರಿದಳು. ಹಿಟ್ಟಿನ ತಟ್ಟೆ ಮೇಲೆದ್ದು ನಿಂತಿತು. ಒಂದೊಂದಾಗಿ ಮೂರು ರೂಪಾಯಿ ತೆಗೆದು, ಉಳಿದ ಎರಡು ರೂಪಾಯಿಗೆ ಎಂಟಾಣೆ ಸೇರಿಸಿದಾಗಲೇ ತಕ್ಕಡಿ ಸಮಕ್ಕೆ ಬಂದದ್ದು.

“ಅರ್ಧ!” ಎಂದಳು ಲಕ್ಕಮ್ಮ. “ಅಂಗಾರೆ ನನ್ ಕಂದಂಗೆ ಎರಡು ತಿಂಗಳಿಂದ ಅರ್ಧ ಒಟ್ಟೆಗೆ ಆಕಿದ್ನಾ?” ಸೆರಗು ಬಾಯಿಗೊತ್ತಿಕೊಂಡು ಅತ್ತಳು.

“ಅಳ್ಬೇಡಿ ಅತ್ತೆ. ಒಲೆ ಅಚ್ತೀನಿ, ಈಗ್ಲೇ ಮಾಡಾಣ,” ಎಂದು ಜವರಮ್ಮ ಎದ್ದಳು. ಲಕ್ಕಮ್ಮ ಚಟಾಕನ್ನು ಸೊಸೆಯ ಕೈಗಿತ್ತಳು.

“ಎಂಟು ಚಟಾಕು ನೀರಿಗೆ ಈ ಹಿಟ್ಟು ಎರಡು ಚಟಾಕು,” ಎಂದಳು ನರ್ಸಮ್ಮ. “ಗಂಟಾಗದಂಗೆ ಕಲಸಿ, ಚೆನ್ನಾಗಿ ಬೇಯಿಸಿ, ದಿನಕ್ಕೆ ನಾಕು ಸಲ ಉಣ್ಣಿಸು.”

ಮುಂದಿನ ತಿಂಗಳು ನರ್ಸಮ್ಮ ಬಂದಾಗ ರಂಗ ಯಾರ ಆಸರೆಯೂ ಇಲ್ಲದೆ ಕುಳಿತು, ಬಟ್ಟಲನ್ನು ನೆಲಕ್ಕೆ ಬಡಿಯುತ್ತಿದ್ದ. “ಇವನ ಗಲಾಟೆ ತಡಿಯಾಕಾಯ್ತಿಲ್ಲ ಕಣವ್ವ,” ಎಂದು ದೂರು ಹೇಳುವಾಗ ಲಕ್ಕಮ್ಮನ ಮುಖ ಅರಳಿತ್ತು.

ಅಕ್ಕಂದಿರೇ, ಅವ್ವಂದಿರೇ, ಒಂದೇ ಅಳತೆಯ ನೀರು, ಹಿಟ್ಟು, ಬೆಲ್ಲ, ತುಪ್ಪ ಒಂದೇ ತೂಕ ಬರುವುದಿಲ್ಲ. ನಿಮ್ಮ ಮನೆಯ ಚಟಾಕಿಗೆ ಯಾವುದು ಎಷ್ಟು ತೂಗುತ್ತದೆಂದು ಒಂದು ಸಲ ತೂಗಿ ನೋಡಿಕೊಳ್ಳಿ. ಆಮೇಲೆ ದಿನಾ ಅಳತೆಯಲ್ಲೇ ಮಾಡಬಹುದು. ಯಾರೇ “ಇಷ್ಟು ಪಾಲು” ಎಂದರೆ, ನರ್ಸಮ್ಮನೇ ಆಗಲಿ, ಡಾಕ್ಟರೇ ಆಗಲಿ, “ತೂಕದಲ್ಲೋ, ಅಳತೆಯಲ್ಲೋ?” ಎಂದು ನಾಚಿಕೊಳ್ಳದೆ ಕೇಳಿ. ಸರಿ ತೆಳ್ಳಗಾಯಿತೆಂದು ಕೂಸು ಬಾಯಿಬಿಟ್ಟು ಹೇಳಲಾರದು. ಅದರ ಪರವಾಗಿ ಕೇಳಬೇಕಾದವರು ನೀವೇ.