ಬೀಗ ಹಾಕಿದ ಸೈರನ್

ಮಂಗಳವಾರ ಮಧ್ಯಾಹ್ನ ಒಂದೂಕಾಲರ ಹೊತ್ತಿಗೆ ಫ್ರೆಂಚ್ ಮಾತಾಡುವ ಲಾಕ್-ನ್ವಾರ್ ಊರಿನ ಶಾಲೆಯ ಅಡುಗೆಮನೆಯಲ್ಲಿ ಬಟಾಣಿ ಸೂಪಿನ ಪಾತ್ರೆ ಉಜ್ಜುತ್ತಿದ್ದ ಓಡೀಲ್ ಸಿರ್ವಾ ತಲೆಯೆತ್ತಿ ನೋಡಿದರೆ ಕಿಟಕಿಯಾಚೆ ಹೊಗೆ. ಆಲೂಗಡ್ಡೆ ಹೊಲದವರು ಒಣಬಳ್ಳಿ ಸುಡುವಾಗ ಬರುವ ಬಿಳಿ ಹೊಗೆಯಲ್ಲ. ಕರ್ರಗೆ, ದಪ್ಪಗೆ, ಚರ್ಚ್ ರಸ್ತೆಯ ಕಡೆಯಿಂದ ಏಳುತ್ತಿತ್ತು.

ಅವಳು ಕಿವಿಗೊಟ್ಟಳು. ಎಲ್ಲೂ ಏನೂ ಸದ್ದಿಲ್ಲ. ಹೊರಗೆ ಕಾರಿಡಾರಿನಲ್ಲಿ ಕ್ಲೋವಿಸ್ ನೆಲ ಒರೆಸುತ್ತಿದ್ದ. ಶಾಲೆಯ ಜಾಡಮಾಲಿಯಾದರೂ ಅವನು ಊರಿನ ಹದಿನಾಲ್ಕು ಸ್ವಯಂಸೇವಕ ಅಗ್ನಿಶಾಮಕರಲ್ಲಿ ಒಬ್ಬ. ಬೆಂಕಿ ಬಿದ್ದರೆ ಕೂಗಿ ಕರೆಯಬೇಕಾದ ಪೇಜರ್ ಸೊಂಟದಲ್ಲೇ ಇತ್ತು.

"ಏಯ್ ಕ್ಲೋವಿಸ್, ನಿನ್ನ ಡಬ್ಬಿ ಸತ್ತಿದ್ಯಾ?"

"ಇಲ್ವಲ್ಲಕ್ಕ, ದೀಪ ಉರೀತಾ ಇದೆ. ಯಾಕೆ?"

"ಹೊರಗೆ ನೋಡು, ಯಾಕೆ ಅಂತ ಗೊತ್ತಾಗತ್ತೆ."

ಓಡೀಲ್ ಒದ್ದೆ ಕೈಯಲ್ಲೇ ತುರ್ತು ಸಂಖ್ಯೆ ಒತ್ತಿದಳು. ನೂರು ಮೈಲಿ ಆಚೆಯ ಜಿಲ್ಲಾ ಕೇಂದ್ರದಲ್ಲಿ ಒಬ್ಬ ಹುಡುಗನ ದನಿ ಕೇಳಿಸಿತು. ಅವಳು ಚರ್ಚ್ ರಸ್ತೆಯಲ್ಲಿ ಬೆಂಕಿ ಎನ್ನುತ್ತಲೇ ಅವನು ಹೇಳಿದ:

"ಚರ್ಚ್ ರಸ್ತೆಗೆ ಆಗ್ಲೇ ಗಾಡಿ ಕಳಿಸಿದೀವಿ ಮೇಡಂ."

"ಯಾವ ಚರ್ಚ್ ರಸ್ತೆಗಪ್ಪಾ? ನಮ್ಮೂರಲ್ಲಿ ಒಬ್ಬನ ಪೇಜರೂ ಹೊಡ್ಕೊಂಡಿಲ್ಲ!"

"ಈಸ್ಟ್‌ಬ್ರುಕ್ ಚರ್ಚ್ ರಸ್ತೆ. ಕಂಪ್ಯೂಟರಲ್ಲಿ ಇರೋದು ಅದೊಂದೇ."

"ಅದು ಇಲ್ಲಿಂದ ಮೂವತ್ತು ಮೈಲಿ! ಬೆಂಕಿ ನನ್ನ ಕಣ್ಮುಂದೆ ಇದೆ!"

"ಹೊಸದಾಗಿ ಹಾಕ್ತೀನಿ, ಒಂದ್ನಿಮಿಷ... ಮೊದಲಿನ ಗಾಡಿ ವಾಪಸ್ ಕರೆಯೋಕೆ ಮೇಲಿನವರನ್ನ ಕೇಳ್ಬೇಕು. ಲೈನಲ್ಲೇ ಇರಿ ಮೇಡಂ."

ಓಡೀಲ್ ಲೈನಲ್ಲಿ ಇರಲಿಲ್ಲ. ಅವಳು ಕ್ಲೋವಿಸನ ಪಿಕಪ್ ಗಾಡಿಯಲ್ಲಿದ್ದಳು.

ಇಪ್ಪತ್ತನಾಲ್ಕು ವರ್ಷ ಈ ಊರಿನ ಬೆಂಕಿಯ ಫೋನು ಇದ್ದದ್ದು ಅವಳ ಅಡುಗೆಮನೆಯ ಗೋಡೆಯಲ್ಲಿ. ಅದು ಹೊಡೆದುಕೊಂಡರೆ ಸ್ನಾನದಲ್ಲಿದ್ದವಳೂ ಟವೆಲ್ ಸುತ್ತಿಕೊಂಡು ಓಡಿ ಬರುತ್ತಿದ್ದಳು. ಪಕ್ಕದ ಗುಂಡಿ ಒತ್ತಿದರೆ ಅಗ್ನಿಶಾಮಕ ಠಾಣೆಯ ಮಾಡಿನ ಮೇಲಿನ ಸೈರನ್ ಕೂಗುತ್ತಿತ್ತು: ನದಿಯ ಕಡೆಗೆ ಎರಡು ಸಲ, ಕೆರೆಯ ಕಡೆಗೆ ಮೂರು ಸಲ. ಯಾರು ಯಾವ ಹೊಲದಲ್ಲಿದ್ದಾರೆ, ಯಾರ ಬೆನ್ನು ನೋಯುತ್ತಿದೆ, ಯಾರು ನಿನ್ನೆ ಕುಡಿದು ಇವತ್ತು ಮಲಗಿದ್ದಾರೆ ಎಲ್ಲವೂ ಅವಳಿಗೆ ಬಾಯಿಪಾಠ. ಮನೆಯ ಗುರುತು ಹೇಳಲು ಯಾರಿಗೂ ವಿಳಾಸ ಬೇಕಿರಲಿಲ್ಲ. ಎರಡು ವರ್ಷದ ಹಿಂದೆ ಜಿಲ್ಲೆಯವರು ಬಂದು, ಇನ್ನು ಕರೆಗಳೆಲ್ಲ ಜಿಲ್ಲಾ ಕೇಂದ್ರಕ್ಕೇ ಎಂದು ಫೋನು ಕಿತ್ತುಕೊಂಡು, ಒಂದು ಹೂಗುಚ್ಛ ಕೊಟ್ಟು, ಫೋಟೋ ತೆಗೆಸಿಕೊಂಡು ಹೋದರು. ಕೆರೆಯಾಚೆಯ ಹೋಟೆಲಿನ ಅತಿಥಿಗಳು ಬೆಚ್ಚಿಬೀಳುತ್ತಾರೆಂದು ದೂರು ಬಂದದ್ದಕ್ಕೆ ಸೈರನ್ನಿನ ಪೆಟ್ಟಿಗೆಗೂ ಬೀಗ ಬಿತ್ತು.

ಕ್ಲೋವಿಸ್ ಠಾಣೆಯ ಬಾಗಿಲು ತೆಗೆಯುವುದರೊಳಗೆ ಓಡೀಲ್ ಗೋಡೆಯಲ್ಲಿದ್ದ ಕೊಡಲಿ ಕಿತ್ತುಕೊಂಡಿದ್ದಳು.

"ಅಕ್ಕಾ, ಅದು ಜಿಲ್ಲೆಯವರ ಬೀಗ..."

"ಜಿಲ್ಲೆಯವರು ಬಂದು ಅಳಲಿ, ಸರಿ ನೀನು ಆ ಕಡೆಗೆ!"

ಮೂರನೇ ಏಟಿಗೆ ಬೀಗ ಹಾರಿತು. ಅವಳು ಒಳಗಿನ ಗುಂಡಿ ಒತ್ತಿದಳು. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದ ಸೈರನ್ ಮೊದಲು ಕೆಮ್ಮಿ, ಆಮೇಲೆ ಊರೆಲ್ಲ ಅದುರುವಂತೆ ಕೂಗಿತು. ಹೊಲಗಳಲ್ಲಿ ಆಲೂಗಡ್ಡೆ ಅಗೆಯುವ ಯಂತ್ರಗಳು ಒಂದೊಂದಾಗಿ ನಿಂತವು. ಐದು ನಿಮಿಷದಲ್ಲಿ ಒಂಬತ್ತು ಜನ ಮಣ್ಣು ಮೆತ್ತಿದ ಬೂಟುಗಳಲ್ಲೇ ಬಂದರು. ಮುಂದೆ ಅವಳ ತಮ್ಮ, ದಳದ ಮುಖ್ಯಸ್ಥ ಲೆಯಾಂದ್ರ್.

"ಯಾರ ಮನೆ?"

"ಒರೋರಳದು. ಗಂಡ ಎಲ್ಜೆಯಾರ್ ಹಿಂದಿನ ಕೋಣೇಲಿ ಮಲಗಿದಾನೆ, ಏಳಕ್ಕಾಗಲ್ಲ. ಕಿಟಕಿ ಕಡೆಯಿಂದ ಹೋಗು!"

ಎಲ್ಜೆಯಾರನನ್ನು ಲೆಯಾಂದ್ರ್ ಕಿಟಕಿಯಿಂದಲೇ ಹೊರಗೆಳೆದ. ಮುದುಕ ಬದುಕಿದ. ಮನೆ ಉಳಿಯಲಿಲ್ಲ. ಯಾರೂ ಬರದೆ ಕಳೆದ ಹದಿನೈದು ನಿಮಿಷದಲ್ಲಿ ಎಂಬತ್ತೊಂದರ ಒರೋರ್ ಗಂಡನ ಕಬ್ಬಿಣದ ಮಂಚವನ್ನು ಒಬ್ಬಳೇ ಕಿಟಕಿಯ ತನಕ ಎಳೆದಿದ್ದಳು. ಕಾದ ಕಂಬಿ ಹಿಡಿದ ಅವಳ ಎರಡು ಅಂಗೈಯೂ ಬೆಂದು ಹೋಗಿದ್ದವು.

ಗುರುವಾರದ ಪತ್ರಿಕೆಯಲ್ಲಿ ಜಿಲ್ಲಾ ಆಯುಕ್ತ ಹಾಲಿಸ್ ಬ್ರಾಕೆಟ್, ಕೇಂದ್ರವು ತೊಂಬತ್ತು ಸೆಕೆಂಡಿನಲ್ಲಿ ಗಾಡಿ ಕಳಿಸಿತು ಎಂದು ಹೆಮ್ಮೆಪಟ್ಟಿದ್ದ. ಅದೇ ದಿನ ಓಡೀಲಳ ಮನೆಗೆ ಅವನ ಕಾಗದವೂ ಬಂತು: ಜಿಲ್ಲೆಯ ಆಸ್ತಿಗೆ ಹಾನಿ ಮಾಡಿದ್ದಕ್ಕೆ ಮುಂದಿನ ಜಿಲ್ಲಾ ಸಭೆಯಲ್ಲಿ ಹಾಜರಾಗಿ ವಿವರಣೆ ಕೊಡತಕ್ಕದ್ದು. ಅವಳು ಕಾಗದವನ್ನು ಎರಡು ಸಲ ಓದಿದಳು.

ಶನಿವಾರ ಬೆಳಿಗ್ಗೆ ಒಬ್ಬ ತೆಳ್ಳನೆಯ ಯುವಕ ಅವಳ ಬಾಗಿಲು ತಟ್ಟಿದ. "ಡೆವಿನ್ ಹ್ಯಾಸ್ಕೆಲ್ ಅಂತ. ಮಂಗಳವಾರ ನಿಮ್ಮ ಫೋನು ತಗೊಂಡಿದ್ದು ನಾನೇ."

ಓಡೀಲ್ ಅವನನ್ನು ಮೆಟ್ಟಿಲ ಮೇಲೇ ನಿಲ್ಲಿಸಿ ಬೈದಳು. ಅಕ್ಕಪಕ್ಕದವರು ಪರದೆ ಸರಿಸಿ ನೋಡಿದರು. ಒರೋರಳ ಕೈ ನೋಡಿದ್ಯಾ, ಬಾ ತೋರಿಸ್ತೀನಿ, ಒಂದ್ನಿಮಿಷ ಅಂದ್ಯಲ್ಲ, ಆ ಒಂದ್ನಿಮಿಷದಲ್ಲಿ ಎಷ್ಟು ಚರ್ಮ ಸುಡತ್ತೆ ಗೊತ್ತಾ ನಿಂಗೆ? ಅವನು ಎಲ್ಲ ಮುಗಿಯುವ ತನಕ ತಲೆ ತಗ್ಗಿಸಿಕೊಂಡು ನಿಂತಿದ್ದ.

"ಮೊದಲ ಫೋನು ಒರೋರ್ ಅವರದೇ. ಫ್ರೆಂಚಲ್ಲಿ ಕೂಗ್ತಿದ್ರು, ನಂಗೆ ಚರ್ಚ್ ರಸ್ತೆ ಅನ್ನೋದಷ್ಟೇ ಗೊತ್ತಾಯ್ತು," ಎಂದ. "ಪಟ್ಟಿಯಲ್ಲಿ ನಿಮ್ಮೂರಿನ ಎಷ್ಟೋ ರಸ್ತೆಗಳೇ ಇಲ್ಲ. ಎರಡು ಊರಲ್ಲಿ ಒಂದೇ ಹೆಸರಿನವು ಬಂದಾಗ ಯಂತ್ರ ಹಳೇದನ್ನ ಅಳಿಸಿಬಿಟ್ಟಿದೆ. ನಾನು ಮೂರು ಸಲ ಬರೆದು ಕೊಟ್ಟಿದ್ದೆ. ಮುಂದಿನ ವರ್ಷ ನೋಡೋಣ ಅಂದ್ರು." ಕೋಟಿನ ಒಳಗಿನಿಂದ ಮೂರು ಹಾಳೆ ತೆಗೆದು ಕೊಟ್ಟ. "ನಾನು ಕೊಟ್ಟೆ ಅಂತ ಹೇಳಿದ್ರೆ ಕೆಲಸ ಹೋಗತ್ತೆ."

ಓಡೀಲ್ ಹಾಳೆಗಳ ಮೇಲಿನ ತಾರೀಕು ನೋಡಿದಳು. ಮೊದಲನೆಯದು ಹದಿನಾಲ್ಕು ತಿಂಗಳು ಹಳೆಯದು. ಇಷ್ಟು ದಿನ ಈ ಹುಡುಗನ ದನಿಯ ಮೇಲೆ ಕಾರುತ್ತಿದ್ದ ಸಿಟ್ಟು ಅವಳೊಳಗೆ ಮಗ್ಗುಲು ಬದಲಿಸಿತು. ಕಮ್ಮಿಯೇನೂ ಆಗಲಿಲ್ಲ.

"ಒಳಗೆ ಬಾ. ಊಟ ಆಗಿದ್ಯಾ?" ಎಂದಳು, ಇನ್ನೂ ಬೈಯುವ ದನಿಯಲ್ಲೇ.

ಸಭೆಯಲ್ಲಿ ಅವಳು ಬೀಗದ ಮಾತೇ ಎತ್ತಲಿಲ್ಲ. ಬರೆದವನ ಹೆಸರು ಬಿಟ್ಟು ಮೂರು ಕಾಗದಗಳನ್ನೂ ನಿಂತು ಓದಿದಳು.

ಬ್ರಾಕೆಟ್ ಕೆಂಪಾದ. "ಇವು ಕಚೇರಿಯ ಒಳಗಿನ ಕಾಗದ. ನಿಮಗೆ ಯಾರು ಕೊಟ್ಟಿದ್ದು?"

"ಯಾರು ಕೊಟ್ರು ಅಂತ ಕೇಳ್ತೀರಿ. ಯಾರು ಓದ್ಲಿಲ್ಲ ಅಂತ ಕೇಳಲ್ವಲ್ಲ ಸ್ವಾಮಿ?"

"ಮೇಡಂ, ದಯವಿಟ್ಟು ಕೂತ್ಕೊಳ್ಳಿ."

"ಕೂರಲ್ಲ. ಇಪ್ಪತ್ತನಾಲ್ಕು ವರ್ಷ ಕೂತೇ ಇದ್ದೆ, ಆ ಫೋನಿನ ಪಕ್ಕ. ಒಂದು ಮನೆ ಗುರುತೂ ತಪ್ಪಿಲ್ಲ."

ಲೆಯಾಂದ್ರ್ ಎದ್ದು, ಸೈರನ್ನಿಗೆ ಮತ್ತೆ ಬೀಗ ಬಿದ್ದರೆ ಹದಿನಾಲ್ಕು ಜನವೂ ದಳ ಬಿಡುತ್ತೇವೆ ಎಂದಷ್ಟೇ ಹೇಳಿ ಕೂತ. ಬೀಗ ಬೀಳಲಿಲ್ಲ. ರಸ್ತೆಯ ಪಟ್ಟಿ ತಿದ್ದಲು ಮಾತ್ರ ಆಳಿಲ್ಲ ಎಂದರು. ಕ್ಷಮೆ ಯಾರೂ ಕೇಳಲಿಲ್ಲ.

ಆ ಚಳಿಗಾಲದ ಶನಿವಾರಗಳಲ್ಲೆಲ್ಲ ಓಡೀಲಳ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿರುತ್ತಿತ್ತು. ಅವಳು ರಸ್ತೆ, ಮನೆ, ಮನೆಯವರ ಅಡ್ಡಹೆಸರು ಹೇಳುತ್ತಿದ್ದಳು, ಡೆವಿನ್ ಬರೆದುಕೊಳ್ಳುತ್ತಿದ್ದ. ಬೇರೆ ಊರುಗಳಲ್ಲೂ ಅದೇ ಹೆಸರಿರುವ ನಲವತ್ತೊಂದು ರಸ್ತೆ ಸಿಕ್ಕವು. "ಇದನ್ನ ಮಾಡೋಕೆ ಸಂಬಳ ತಗೊಳ್ಳೋ ಜನ ಇದಾರೆ," ಎಂದು ಪ್ರತಿ ಸಲವೂ ಗೊಣಗುತ್ತಿದ್ದಳು. ಬ್ರಾಕೆಟ್ ಊರಿಗೆ ಬಂದಾಗಲೆಲ್ಲ ಚರ್ಚಿನ ಬಾಗಿಲಲ್ಲಿ ಕೈ ಚಾಚಿದರೆ ಹಾಗೇ ದಾಟಿ ಹೋಗುತ್ತಿದ್ದಳು.

ಮಾರ್ಚಿನಲ್ಲಿ ಒರೋರ್ ಆಸ್ಪತ್ರೆಯಿಂದ ಮಗಳ ಮನೆಗೆ ಬಂದಳು. ಬೆರಳುಗಳು ಅರ್ಧಕ್ಕೇ ಬಾಗುತ್ತಿದ್ದವು. ಓಡೀಲ್ ಸೂಪು ಕುಡಿಸಲು ಚಮಚ ಎತ್ತಿದಾಗ ಮುದುಕಿ ಕೇಳಿದಳು:

"ಎಲ್ಲರೂ ನಿಂಗೆ ಇನ್ನೂ ಸಿಟ್ಟು ಇಳಿದಿಲ್ಲ ಅಂತಾರೆ. ಹೌದೇನೆ?"

"ಹೌದು."

"ಇಳಿಸ್ಕೋಬೇಡ. ನಂಗೆ ವಯಸ್ಸಾಯ್ತು, ಅರ್ಧ ದಿನ ನಿದ್ದೇಲೇ ಹೋಗತ್ತೆ. ನನ್ನ ಪಾಲಿಂದೂ ನೀನೇ ಇಟ್ಕೋ."

"ಬಾಯಿ ತೆಗಿ, ಆರಿ ಹೋಗತ್ತೆ," ಎಂದಳು ಓಡೀಲ್.